ಕಹಿಯಲ್ಲ, ಅದು ಒಗರು: ಒಂದೇ ವೈನರಿಯ ಕೆಂಪು ಮತ್ತು ಸಿಹಿ ವೈನ್ ರುಚಿ ನೋಡಿ ಅಳೆಯುವ ಕ್ರಮ

‘ಒಂದೇ ಕಂಪನಿಯ ನಾಲ್ಕೈದು ಬಾಟಲಿ ತಂದು ಸಾಲಾಗಿ ರುಚಿ ನೋಡಿದೆವು. ಮೊದಲನೆಯದು ಕಹಿ, ಎರಡನೆಯದು ಹುಳಿ, ಕೊನೆಯದು ಸಿಹಿ. ಅಷ್ಟೇ ಗೊತ್ತಾಗಿದ್ದು. ಒಳ್ಳೆಯದು ಯಾವುದು ಅಂತ ಹೇಳುವುದು ಹೇಗೆ?’ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಇದನ್ನೇ ತಿರುತಿರುಗಿ ಕೇಳುತ್ತಿದ್ದಾರೆ. ಹಾಗಾಗಿ ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇವೆ.

ಶುರುವಿಗೇ ಒಂದು ತಿದ್ದುಪಡಿ. ಕೆಂಪು ವೈನ್ ಕಹಿ ಎನ್ನುವವರು ಹೆಚ್ಚಿನ ಸಲ ಹೇಳುತ್ತಿರುವುದು ಕಹಿಯನ್ನಲ್ಲ, ಒಗರನ್ನು. ಹಸಿ ಅಡಿಕೆ ಅಗಿದಾಗ, ಗೇರುಹಣ್ಣು ಚೀಪಿದಾಗ, ನೇರಳೆ ತಿಂದು ನಾಲಿಗೆ ದಪ್ಪಗಾದಂತೆ ಅನಿಸಿದಾಗ ಆಗುವುದು ಅದೇ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲೂ ಕೆಂಪು ವೈನಿನಲ್ಲೂ ಇರುವುದು ಒಂದೇ ಕುಟುಂಬದ ವಸ್ತು. ಅದರ ಹೆಸರು ಟ್ಯಾನಿನ್. ಅದು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ, ಬಾಯಿಯ ಜಾರಿಕೆ ಹೋಗಿ ಒಸಡಿಗೆ ತುಟಿ ಉಜ್ಜಿದಂತಾಗುತ್ತದೆ. ಹಾಗಾಗಿ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಚೊಗರು ಕೈಗೆ ಮೆತ್ತಿಸಿಕೊಂಡು ಬೆಳೆದ ಸೀಮೆಯವರಿಗೆ ಕೆಂಪು ವೈನಿನ ಅತಿ ಕಷ್ಟದ ಪಾಠ ಆಗಲೇ ಬಾಯಿಪಾಠ. ಅದನ್ನು ಹುಳಿಯಿಂದ, ಕಹಿಯಿಂದ ಬಿಡಿಸಿ ನೋಡುವುದನ್ನು ಕಲಿತರೆ ಸಾಕು.

ಒಂದೇ ವೈನರಿ ಯಾಕೆ? ಬೇರೆ ಬೇರೆ ಕಡೆಯ ಬಾಟಲಿ ಇಟ್ಟುಕೊಂಡರೆ ಮಣ್ಣು, ತಳಿ, ಪೀಪಾಯಿ, ಮಾಡುವವರ ಕೈ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ, ಯಾವ ವ್ಯತ್ಯಾಸ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ಒಂದೇ ಮನೆಯ ಅಡುಗೆಯಾದರೆ ಕೈರುಚಿ ಒಂದೇ ಇರುತ್ತದೆ, ಪದಾರ್ಥ ಬದಲಾದದ್ದು ಎದ್ದು ಕಾಣುತ್ತದೆ.

1. ಬಾಟಲಿ ಆರಿಸುವುದು

ಐದು ಸಾಕು. ಏಳೆಂಟಾದರೆ ಕೊನೆಯ ಮೂರಕ್ಕೆ ನ್ಯಾಯ ಸಿಗುವುದಿಲ್ಲ. ಹೀಗೆ ಜೋಡಿಸಿ: ಪೀಪಾಯಿ ಕಾಣದ ಹಗುರ ಕೆಂಪು ಒಂದು, ಅದೇ ತಳಿಯನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ್ದು ಒಂದು, ಬೇರೆ ತಳಿಯ ಅಥವಾ ಎರಡು ತಳಿ ಬೆರೆಸಿದ ಕೆಂಪು ಒಂದು, ಸಿಗುವುದಾದರೆ ಇವುಗಳಲ್ಲೊಂದರ ಬೇರೆ ವರ್ಷದ ಬಾಟಲಿ, ಕೊನೆಗೆ ಒಂದು ಸಿಹಿ ವೈನ್. ಉದಾಹರಣೆಗೆ, 1999ರಲ್ಲಿ ಶುರುವಾದ ನಾಸಿಕ್‌ನ ಸುಲಾದವರಲ್ಲಿ ಶಿರಾಜ್-ಕ್ಯಾಬರ್ನೆ (ಎರಡು ದ್ರಾಕ್ಷಿ ತಳಿ ಬೆರೆಸಿದ್ದು), ಪೀಪಾಯಿಯಲ್ಲಿ ಮಾಗಿದ ಡಿಂಡೋರಿ ರಿಸರ್ವ್ ಶಿರಾಜ್, ಲೇಟ್ ಹಾರ್ವೆಸ್ಟ್ (ತಡವಾಗಿ ಕೊಯ್ದ ದ್ರಾಕ್ಷಿಯ) ಶೆನಿನ್ ಬ್ಲಾಂ ಎಂಬ ಸಿಹಿ ವೈನ್ ಇವೆ. ಬೇರೆ ವೈನರಿಯಾದರೂ ಲೆಕ್ಕ ಇದೇ. ಸಿಹಿ ವೈನ್ ಮಾಡದ ವೈನರಿಗಳೂ ಇವೆ, ಮೊದಲೇ ಕೇಳಿ ನೋಡಿ.

ನಮ್ಮ ಊರುಗಳಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬೇಗ ಖರ್ಚಾಗುತ್ತದೆ. ವೈನ್ ಬಾಟಲಿ ಟ್ಯೂಬ್‌ಲೈಟಿನ ಕೆಳಗೆ, ಸೆಕೆಯಲ್ಲಿ, ನಿಂತೇ ತಿಂಗಳುಗಟ್ಟಲೆ ಕಳೆದಿರುತ್ತದೆ. ಆದ್ದರಿಂದ ಕೊಳ್ಳುವಾಗ ಮೂರು ಕಡೆ ನೋಡಿ. ಕಾರ್ಕ್ ಬಾಯಿಗಿಂತ ಮೇಲೆ ಉಬ್ಬಿದೆಯೇ? ಕುತ್ತಿಗೆಯ ಸುತ್ತ ಅಂಟಂಟು ಸೋರಿಕೆ ಇದೆಯೇ? ಅಕ್ಕಪಕ್ಕದ ಬಾಟಲಿಗಿಂತ ಮಟ್ಟ ತಗ್ಗಿದೆಯೇ? ಮೂರರಲ್ಲಿ ಒಂದಿದ್ದರೂ ಬೇಡ, ಆ ಬಾಟಲಿ ಶಾಖ ತಿಂದಿದೆ. ತಿರುಪು ಮುಚ್ಚಳದ ಬಾಟಲಿ ಅಗ್ಗದ್ದೆಂಬ ಭಾವನೆ ಬೇಡ. ಇಂಥ ಅಂಗಡಿಯಿಂದ ಕೊಳ್ಳುವಾಗ ನಾವು ಅದನ್ನೇ ಮೇಲು ಎನ್ನುತ್ತೇವೆ.

ಲೇಬಲ್ಲಿನ ವರ್ಷ ಎಂದರೆ ದ್ರಾಕ್ಷಿ ಕೊಯ್ದ ವರ್ಷ. ನಾಸಿಕ್, ನಂದಿಬೆಟ್ಟದ ಕಡೆ ವೈನ್ ದ್ರಾಕ್ಷಿ ಕೊಯ್ಲು ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುತ್ತದೆ. ಪೀಪಾಯಿ ಕಾಣದ ಹಗುರ ಕೆಂಪಿನಲ್ಲಿ ಐದಾರು ವರ್ಷ ಹಳೆಯದು ಸಿಕ್ಕಿದರೆ ಖುಷಿಪಡಬೇಡಿ. ಅದು ಮಾಗಿರುವುದಕ್ಕಿಂತ ಬಳಲಿರುವ ಸಾಧ್ಯತೆಯೇ ಹೆಚ್ಚು.

2. ಬೇಕಾದ ಸಾಮಾನು

ಲೋಟ ಎಲ್ಲಕ್ಕಿಂತ ಮುಖ್ಯ. ಹೊಟ್ಟೆ ಅಗಲ, ಬಾಯಿ ಕಿರಿದು, ಕೆಳಗೆ ಕಾಲು. ಪರೀಕ್ಷೆಗೆಂದೇ ಗೊತ್ತುಮಾಡಿದ ಐಎಸ್ಒ ಲೋಟ ಸುಮಾರು 215 ಮಿ.ಲೀ ಹಿಡಿಯುತ್ತದೆ, ಅದರಲ್ಲಿ ಸುರಿಯುವುದು 50 ಮಿ.ಲೀ ಮಾತ್ರ. ಅದೇ ಬೇಕೆಂದಿಲ್ಲ, ಆದರೆ ಎಲ್ಲ ಲೋಟ ಒಂದೇ ಬಗೆಯವಾಗಿರಲಿ. ಒಂದು ವೈನ್ ಅಗಲ ಲೋಟದಲ್ಲಿ, ಇನ್ನೊಂದು ಸ್ಟೀಲ್ ಲೋಟದಲ್ಲಿ ಇದ್ದರೆ ನೀವು ಅಳೆಯುವುದು ಲೋಟವನ್ನು.

ಉಳಿದದ್ದು: ಬಿಳಿ ಹಾಳೆ, ಪೆನ್ನು, ಥರ್ಮಾಮೀಟರ್ (ಅಡುಗೆಗೆ ಬಳಸುವ ಡಿಜಿಟಲ್ ಆದರೂ ಆಗುತ್ತದೆ), ಬಾಟಲಿ ಮುಚ್ಚಲು ಹಳೆ ಪೇಪರ್, ಕುಡಿಯುವ ನೀರು, ಉಪ್ಪಿಲ್ಲದ ಬ್ರೆಡ್ಡು ಅಥವಾ ಅಕ್ಕಿರೊಟ್ಟಿ. ಮತ್ತೆ ಪೀಕದಾನಿ. ಅಜ್ಜನ ಕಾಲದ್ದು ಅಟ್ಟದಲ್ಲಿದ್ದರೆ ಇಳಿಸಿ ತೊಳೆಯಿರಿ, ಇಲ್ಲದಿದ್ದರೆ ಅಗಲ ಬಾಯಿಯ ತಂಬಿಗೆ. ಉಗುಳಲು ನಾಚುವವರು ಈ ಲೆಕ್ಕ ನೋಡಿ: ಐದು ವೈನ್, 50 ಮಿ.ಲೀ ಪ್ರಕಾರ ನುಂಗಿದರೆ 250 ಮಿ.ಲೀ. ಶೇ 13ರ ವೈನ್ ಆದರೆ ಅದರಲ್ಲಿ ಸುಮಾರು 26 ಗ್ರಾಂ ಆಲ್ಕೊಹಾಲ್, 60 ಮಿ.ಲೀ ವಿಸ್ಕಿ ಪೆಗ್ಗಿನಲ್ಲಿರುವುದಕ್ಕಿಂತ ಜಾಸ್ತಿ. ಮೂರನೆಯ ಲೋಟದ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಅನಿಸತೊಡಗುತ್ತದೆ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ಆಮೇಲೆ ಘಾಟಿಯಲ್ಲಿ ಗಾಡಿ ಓಡಿಸುವ ಯೋಚನೆ ಬೇಡ.

3. ಹಿಂದಿನ ದಿನ: ನಾಲಿಗೆ ಪಳಗಿಸುವುದು

ಈ ಹಂತವನ್ನು ಬಹುತೇಕರು ಹಾರಿಸುತ್ತಾರೆ. ಹಾರಿಸಿದವರೇ ಮರುದಿನ ‘ಏನೋ ಒಂಥರಾ’ ಎಂದು ಬರೆಯುವವರು. ಅರ್ಧ ಗಂಟೆಯ ಕೆಲಸ, ಸಾಮಾನೆಲ್ಲ ಅಡುಗೆಮನೆಯದ್ದೇ.

ಒಗರಿಗೆ: 150 ಮಿ.ಲೀ ಕುದಿಯುವ ನೀರಿಗೆ ಎರಡು ಚಮಚ ಟೀ ಪುಡಿ ಹಾಕಿ 10 ನಿಮಿಷ ಬಿಟ್ಟು ಸೋಸಿ, ಆರಿಸಿ. ಹಾಲು, ಸಕ್ಕರೆ ಬೇಡ. ಹುಳಿಗೆ: 200 ಮಿ.ಲೀ ನೀರಿಗೆ 20 ಮಿ.ಲೀ ನಿಂಬೆರಸ. ಇದು ಹತ್ತಿರ ಹತ್ತಿರ ಲೀಟರಿಗೆ 5 ಗ್ರಾಂ ಆಮ್ಲ, ವೈನಿನಲ್ಲಿ ಸಾಮಾನ್ಯವಾಗಿ 5ರಿಂದ 7 ಗ್ರಾಂ ಇರುತ್ತದೆ. (ವೈನಿನ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ಹುಣಸೆಹಣ್ಣಿನಲ್ಲಿರುವುದೂ ಅದೇ. ಆದರೆ ಹುಣಸೆಗೆ ತನ್ನದೇ ವಾಸನೆ ಇರುವುದರಿಂದ ಅಭ್ಯಾಸಕ್ಕೆ ನಿಂಬೆ ವಾಸಿ.) ಕಹಿಗೆ: 100 ಮಿ.ಲೀ ನೀರಿಗೆ ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್. ಸಿಹಿಗೆ: 100 ಮಿ.ಲೀ ನೀರಿಗೆ 10 ಗ್ರಾಂ ಸಕ್ಕರೆ. ಈ ಸಕ್ಕರೆ ನೀರನ್ನು ಎರಡು ಪಾಲು ಮಾಡಿ, ಒಂದಕ್ಕೆ ಒಂದು ಚಮಚ ನಿಂಬೆರಸ ಬೆರೆಸಿ.

ಒಂದೊಂದನ್ನೇ ಬಾಯಲ್ಲಿ 10 ಸೆಕೆಂಡ್ ಆಡಿಸಿ ಉಗುಳಿ. ಆಮೇಲೆ ಗಮನಿಸಬೇಕಾದ್ದು ಇಷ್ಟು. ಹುಳಿಯಾದರೆ ದವಡೆಯ ಪಕ್ಕದಿಂದ ನೀರೂರುತ್ತದೆ. ಒಗರಾದರೆ ತದ್ವಿರುದ್ಧ, ಬಾಯಿ ಒಣಗುತ್ತದೆ, ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂಬದಿಗೆ ಎಳೆದರೆ ಜಾರದೆ ಕಚ್ಚಿಕೊಳ್ಳುತ್ತದೆ. ಕಹಿ ನಿಧಾನಕ್ಕೆ ಬಂದು ಹೊತ್ತು ನಿಲ್ಲುತ್ತದೆ, ಆದರೆ ಒಣಗಿಸುವುದಿಲ್ಲ. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯಲ್ಲಿ ಬಿಡಿಸಿದ ನಕ್ಷೆಯನ್ನು ಮರೆತುಬಿಡಿ, ಅದು ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ಗೊತ್ತಾಗುತ್ತದೆ.

ಕೊನೆಗೆ ಎರಡೂ ಸಕ್ಕರೆ ನೀರು ಹೋಲಿಸಿ. ನಿಂಬೆ ಬಿದ್ದದ್ದು ಕಡಿಮೆ ಸಿಹಿ ಅನಿಸುತ್ತದೆ, ಸಕ್ಕರೆ ಅಷ್ಟೇ ಇದ್ದರೂ. ರಾಮನವಮಿ ಪಾನಕದ ಗುಟ್ಟು ಇದೇ, ಒಳ್ಳೆಯ ಸಿಹಿ ವೈನಿನ ಗುಟ್ಟೂ ಇದೇ. 9ನೇ ಹಂತಕ್ಕೆ ಬಂದಾಗ ಇದನ್ನು ನೆನಪಿಸಿಕೊಳ್ಳಿ.

4. ಹೊತ್ತು, ಜಾಗ, ಶಾಖ

ಬೆಳಗ್ಗೆ ತಿಂಡಿಯಾಗಿ ಒಂದೂವರೆ ಎರಡು ಗಂಟೆಯ ಮೇಲೆ, ಅಂದರೆ 10.30–11ರ ಸುಮಾರಿಗೆ ಮೂಗು ನಾಲಿಗೆ ಎರಡೂ ಚುರುಕಾಗಿರುತ್ತವೆ. ಸಂಜೆ ಕೂತರೆ ದಣಿವು, ಹಸಿವು, ಬಲ್ಬಿನ ಹಳದಿ ಬೆಳಕು ಮೂರೂ ಅಡ್ಡ ಬರುತ್ತವೆ. ಕಿಟಕಿಯ ಬೆಳಕು ಬೀಳುವ ಕಡೆ ಮೇಜು ಹಾಕಿ. ಊದುಬತ್ತಿ, ಸೊಳ್ಳೆಬತ್ತಿ, ಒಗ್ಗರಣೆ, ಬಚ್ಚಲೊಲೆಯ ಹೊಗೆ, ಮುಡಿದ ಮಲ್ಲಿಗೆ, ಯಾವುದೂ ಹತ್ತಿರ ಇರಬಾರದು. ಎರಡು ಗಂಟೆ ಮೊದಲಿಂದ ಕಾಫಿ ಇಲ್ಲ, ಎಲೆಅಡಿಕೆಯಂತೂ ಇಲ್ಲವೇ ಇಲ್ಲ. ಅಡಿಕೆಯ ಒಗರು ಬಾಯಲ್ಲಿ ಕೂತಿದ್ದರೆ ವೈನಿನ ಒಗರಿಗೆ ಜಾಗವೇ ಇರುವುದಿಲ್ಲ, ಸುಣ್ಣ ಬೇರೆ ಹುಳಿಯನ್ನು ಮುಗಿಸಿರುತ್ತದೆ.

ಇನ್ನು ಶಾಖ. ‘ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು’ ಎಂಬ ಮಾತು ಯುರೋಪಿನ ತಣ್ಣನೆ ಕಲ್ಲುಮನೆಗಳದ್ದು. ಅಲ್ಲಿ ಕೋಣೆ ಎಂದರೆ 16–18 ಡಿಗ್ರಿ. ಶಿವಮೊಗ್ಗದಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ಸುರಿದ ವೈನ್ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ, ತಪ್ಪು ವೈನಿನದಲ್ಲ.

ಗಟ್ಟಿ ಕೆಂಪಿಗೆ 16–18 ಡಿಗ್ರಿ, ಹಗುರ ಕೆಂಪಿಗೆ 13–15, ಬಿಳಿ ದ್ರಾಕ್ಷಿಯ ಸಿಹಿ ವೈನಿಗೆ 8–10, ಸ್ಪಿರಿಟ್ ಬೆರೆಸಿದ ಪೋರ್ಟ್ ಬಗೆಯ ಸಿಹಿ ಕೆಂಪಿಗೆ 14–16. ಹೊರಗೆ 30 ಡಿಗ್ರಿ ಇದ್ದರೆ ಕೆಂಪು ಬಾಟಲಿಗೆ ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ, ಸಿಹಿ ವೈನಿಗೆ ಎರಡೂವರೆ ಗಂಟೆ ಬೇಕು. ಅವಸರವಿದ್ದರೆ ಬಕೆಟ್ಟಿಗೆ ಐಸ್ ಮತ್ತು ನೀರು ಎರಡೂ ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ: ಕೆಂಪಿಗೆ 10 ನಿಮಿಷ, ಸಿಹಿಗೆ 20. ಬರೀ ಐಸ್ ಹಾಕಿದರೆ ನಡುವಿನ ಗಾಳಿ ತಡೆಯುತ್ತದೆ, ನಿಧಾನ. ತೀರಾ ತಣ್ಣಗಾದರೂ ಕೇಡೇ: ಕೆಂಪಿನ ಒಗರು ಮುಳ್ಳಾಗಿ ನಿಲ್ಲುತ್ತದೆ, ವಾಸನೆ ಮುಚ್ಚಿಕೊಳ್ಳುತ್ತದೆ, ಸಿಹಿ ಮಂಕಾಗುತ್ತದೆ. ಕೆಟ್ಟ ಸಿಹಿ ವೈನನ್ನು ‘ತುಂಬಾ ಚಿಲ್ ಮಾಡಿ ಕುಡಿಯಿರಿ’ ಎನ್ನುವುದು ಅದಕ್ಕೇ.

5. ತೆರೆಯುವುದು, ಸುರಿಯುವುದು, ಗುರುತು ಮುಚ್ಚುವುದು

ಮಳೆಗಾಲದ ಮಲೆನಾಡಿನವರು ಇಲ್ಲಿ ವಿಶೇಷವಾಗಿ ಜಾಗ್ರತೆ ವಹಿಸಬೇಕು. ಮರದ ಕಪಾಟಿನಲ್ಲಿ ಬೋರಲು ಹಾಕಿಟ್ಟ ಲೋಟ ಆಷಾಢ ಶ್ರಾವಣದಲ್ಲಿ ಮುಗ್ಗು ಹಿಡಿದಿರುತ್ತದೆ, ಕಣ್ಣಿಗೆ ಫಳಫಳ ಅಂದರೂ. ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು, ಒರೆಸದೆ ಗಾಳಿಗೆ ಒಣಗಿಸಿ, ಸುರಿಯುವ ಮೊದಲು ಖಾಲಿ ಲೋಟವನ್ನೇ ಮೂಸಿ. ಏನೂ ವಾಸನೆ ಬರಬಾರದು. ಸಂಶಯವಿದ್ದರೆ ಒಂದು ಚಮಚ ವೈನ್ ಹಾಕಿ ಲೋಟದ ಒಳಮೈಗೆಲ್ಲ ಸುತ್ತಿಸಿ ಚೆಲ್ಲಿ. ವೈನರಿಗೆ ಬಯ್ಯುವ ಮೊದಲು ಈ ಪರೀಕ್ಷೆ ಆಗಲೇಬೇಕು. ಬೂಷ್ಟು ಬಾಟಲಿಯಲ್ಲಿತ್ತೋ ಲೋಟದಲ್ಲಿತ್ತೋ ಆಮೇಲೆ ಹೇಳುವುದು ಕಷ್ಟ.

ಕಾರ್ಕ್ ತೆಗೆದು ಬಾಟಲಿಯನ್ನು ಹಾಗೇ ಒಂದು ಗಂಟೆ ‘ಉಸಿರಾಡಲು’ ಬಿಡುವುದರಿಂದ ಹೆಚ್ಚೇನೂ ಆಗುವುದಿಲ್ಲ. ಕುತ್ತಿಗೆಯಲ್ಲಿ ಗಾಳಿ ತಗಲುವುದು ನಾಣ್ಯದಗಲ ಮೈಗೆ ಮಾತ್ರ. ಗಾಳಿ ಬೇಕೆಂದರೆ ಜಗ್ಗಿಗೆ ಸುರಿಯಬೇಕು. ಆದರೆ ಪರೀಕ್ಷೆಯ ದಿನ ಒಂದಕ್ಕೆ ಮಾಡಿದ್ದನ್ನು ಎಲ್ಲಕ್ಕೂ ಮಾಡಿ, ಇಲ್ಲವೇ ಯಾವುದಕ್ಕೂ ಬೇಡ. ಲೋಟದಲ್ಲೇ ಸುತ್ತಿಸಿದರೆ ಸಾಕಾಗುತ್ತದೆ.

ಆಟದಲ್ಲಿ ಸೇರದ ಒಬ್ಬರು ಬಾಟಲಿಗಳಿಗೆ ಪೇಪರ್ ಸುತ್ತಿ ಕ, ಖ, ಗ ಎಂದು ಬರೆಯಲಿ. 1, 2, 3 ಬೇಡ, ಒಂದು ಎಂದಾಕ್ಷಣ ಮೊದಲ ಸ್ಥಾನ ಎಂಬ ಭಾವ ಬರುತ್ತದೆ. ಸರದಿ ಹೀಗೆ: ಹಗುರದ್ದು ಮೊದಲು, ಗಟ್ಟಿಯದ್ದು ಆಮೇಲೆ, ಸಿಹಿ ಕೊನೆಗೆ. ಸಿಹಿ ನಡುವೆ ಬಂದರೆ ಅದರ ಹಿಂದೆ ಬರುವ ಕೆಂಪು ಹುಣಸೆನೀರಿನಂತೆ ಅನಿಸುತ್ತದೆ.

ಜೊತೆಗೆ ಒಂದು ಕಳ್ಳಾಟ ಸೇರಿಸಿ. ಕೆಂಪುಗಳಲ್ಲಿ ಒಂದನ್ನೇ ಎರಡು ಬೇರೆ ಅಕ್ಷರದಲ್ಲಿ ಸುರಿಯಲು ಹೇಳಿ. ಯಾವುದೆಂದು ನಿಮಗೆ ಗೊತ್ತಿರಬಾರದು. ಆ ಎರಡು ಲೋಟಕ್ಕೆ ನೀವು ಕೊಟ್ಟ ಅಂಕದಲ್ಲಿ ಎಷ್ಟು ಅಂತರವಿದೆಯೋ ಅಷ್ಟು ನಿಮ್ಮ ಕೈತಪ್ಪು. ಒಂದೇ ವೈನಿಗೆ 13 ಒಮ್ಮೆ, 15 ಒಮ್ಮೆ ಕೊಟ್ಟಿದ್ದರೆ ಉಳಿದ ವೈನುಗಳ ನಡುವಿನ ಎರಡು ಅಂಕದ ವ್ಯತ್ಯಾಸಕ್ಕೂ ಅರ್ಥವಿಲ್ಲ. ಈ ಒಂದು ಲೋಟ ಕಲಿಸುವಷ್ಟು ವಿನಯವನ್ನು ಬೇರೇನೂ ಕಲಿಸುವುದಿಲ್ಲ.

6. ನೋಡುವುದು

ಬಿಳಿ ಹಾಳೆಯ ಮೇಲೆ ಲೋಟ ಓರೆ ಮಾಡಿ, ನಡುವಿನ ಬಣ್ಣ, ಅಂಚಿನ ಬಣ್ಣ ಎರಡನ್ನೂ ಬರೆಯಿರಿ. ಎಳೆಯ ಕೆಂಪಿನ ಅಂಚು ನೇರಳೆ ಬಣ್ಣ. ವರ್ಷ ಕಳೆದಂತೆ ಇಟ್ಟಿಗೆ ಬಣ್ಣಕ್ಕೆ, ಮತ್ತೆ ಕಂದಿಗೆ ತಿರುಗುತ್ತದೆ. ಎರಡು ವರ್ಷದ ವೈನಿನ ಅಂಚೇ ಕಂದಾಗಿದ್ದರೆ ಶಾಖವೋ ಗಾಳಿಯೋ ತಗಲಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ಬಿಳಿ ದ್ರಾಕ್ಷಿಯ ಸಿಹಿ ವೈನ್ ಒಣಹುಲ್ಲಿನ ಬಣ್ಣದಿಂದ ಜೇನಿನ ಬಣ್ಣದವರೆಗೆ ಇರಬಹುದು.

ಲೋಟದ ಒಳಮೈಯಲ್ಲಿ ಇಳಿಯುವ ಗೆರೆಗಳನ್ನು ನೋಡಿ ಗುಣಮಟ್ಟ ಹೇಳುವವರ ಮಾತಿಗೆ ತಲೆದೂಗಬೇಡಿ. ಅವು ಮುಖ್ಯವಾಗಿ ಆಲ್ಕೊಹಾಲಿನ ಲೆಕ್ಕ ಹೇಳುತ್ತವೆ. ತಣ್ಣಗಿಟ್ಟ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಚೂರಿನಂಥ ಹರಳು ಕಂಡರೆ ಗಾಜಿನ ಚೂರೆಂದು ಗಾಬರಿ ಬೇಡ. ಅದು ಟಾರ್ಟಾರಿಕ್ ಆಮ್ಲದ ಲವಣ, ತೊಂದರೆಯಿಲ್ಲ.

7. ಮೂಸುವುದು

ಮೊದಲು ಲೋಟ ಅಲುಗಿಸದೆ ಒಮ್ಮೆ, ಆಮೇಲೆ ನಾಲ್ಕೈದು ಸುತ್ತು ತಿರುಗಿಸಿ ಒಮ್ಮೆ. ಉದ್ದ ಉಸಿರು ಬೇಡ, ನಾಯಿ ಮೂಸುವಂತೆ ಚಿಕ್ಕ ಚಿಕ್ಕದು. ಮೂಗು ಬೇಗ ದಣಿಯುತ್ತದೆ. ದಣಿದರೆ ನಿಮ್ಮ ಸ್ವಂತ ಮೊಣಕೈ ಮಡಿಕೆಯನ್ನು ಮೂಸಿ ಬನ್ನಿ.

ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್, ಬ್ಲ್ಯಾಕ್‌ಬೆರಿಗಳನ್ನು ತಿನ್ನದೇ ಬರೆಯಬೇಡಿ. ನೇರಳೆ, ಕವಳೆಹಣ್ಣು, ಒಣಗಿದ ಮುರುಗಲು ಸಿಪ್ಪೆ, ಲವಂಗ, ಹೊಗೆ ಹಿಡಿದ ಅಟ್ಟ, ಮೊದಲ ಮಳೆಯ ಮಣ್ಣು, ಇವೆಲ್ಲ ನಿಮ್ಮ ಮೂಗಿಗೆ ನಿಜವಾಗಿ ಗೊತ್ತಿರುವ ವಾಸನೆಗಳು. ಶಿರಾಜಿನಲ್ಲಿ ಕಾಳುಮೆಣಸು ಬಂದರೆ ಅದು ಕವಿತೆಯಲ್ಲ: ರೊಟಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ. ಆದರೆ ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಆ ವಸ್ತು ಹತ್ತುವುದೇ ಇಲ್ಲ. ಹಾಗಾಗಿ ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಇಬ್ಬರೂ ಸುಳ್ಳರಲ್ಲ. ಪೀಪಾಯಿಯ ಗುರುತು ಲವಂಗ, ಸುಟ್ಟ ತೆಂಗಿನ ಕರಟ, ವೆನಿಲ್ಲಾ. ವೆನಿಲ್ಲಾ ಬೆಳೆದು ಕೈಸುಟ್ಟುಕೊಂಡ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೀಪಾಯಿಯ ವಾಸನೆ ಹಣ್ಣಿನದನ್ನು ನುಂಗಿದ್ದರೆ ಅಂಕ ಕಳೆಯಿರಿ. ದುಬಾರಿ ಬಾಟಲಿಗಳೇ ಈ ತಪ್ಪು ಮಾಡುವುದು ಹೆಚ್ಚು.

ಬಾಟಲಿ ಕೆಟ್ಟಿರುವ ಗುರುತುಗಳನ್ನೂ ಇಲ್ಲೇ ಹಿಡಿಯಬೇಕು:

- ನೆನೆದ ರಟ್ಟು, ಒದ್ದೆ ಗೋಣಿಚೀಲ: ಕಾರ್ಕಿನ ದೋಷ. ಟಿಸಿಎ ಎಂಬ ವಸ್ತುವಿನದು. ಹೊತ್ತು ಕಳೆದರೆ ಹೋಗುವುದಿಲ್ಲ, ಹೆಚ್ಚುತ್ತದೆ. ಖಾಲಿ ಲೋಟ ಮೂಸಿದ್ದರೆ ಮಾತ್ರ ಈ ತೀರ್ಪು ಕೊಡಿ.
- ವಿನೆಗರ್, ಉಗುರುಬಣ್ಣ: ಬ್ಯಾಕ್ಟೀರಿಯಾ ಕೈಚಳಕ. ಸರಿಯಾಗುವುದಿಲ್ಲ.
- ಕೊಳೆತ ಮೊಟ್ಟೆ, ಗೀರಿದ ಬೆಂಕಿಕಡ್ಡಿ: ಗಾಳಿ ಸಾಲದೆ ಕಟ್ಟಿದ ಗಂಧಕದ ವಾಸನೆ. ಐದು ನಿಮಿಷ ಸುತ್ತಿಸಿ, ಹೋದರೆ ದೋಷವೆಂದು ಬರೆಯಬೇಡಿ.
- ಕೊಟ್ಟಿಗೆ, ಬ್ಯಾಂಡೇಜ್: ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ಕೆಲಸ. ಎಳೆಯಷ್ಟಿದ್ದರೆ ಕೆಲವರಿಗೆ ಇಷ್ಟ. ಕೊಟ್ಟಿಗೆಯೇ ಮುಂದೆ ನಿಂತರೆ ದೋಷ. ಐದರಲ್ಲಿ ಮೂರು ಬಾಟಲಿಯಲ್ಲಿ ಇದು ಬಂದರೆ ಆ ವೈನರಿಯ ಪೀಪಾಯಿಗಳಲ್ಲೇ ಅದು ಮನೆ ಮಾಡಿದೆ ಎಂದು ಸಂಶಯಪಡಬಹುದು.
- ಬೇಯಿಸಿದ ಜಾಮ್, ಸಪ್ಪೆ ಹಣ್ಣು: ಶಾಖ ತಿಂದದ್ದು. ಇದು ಅಂಗಡಿಯ, ಸಾಗಣೆಯ ತಪ್ಪಿರಬಹುದು. ವೈನರಿಯ ಖಾತೆಗೆ ಬರೆಯುವ ಮೊದಲು ಇನ್ನೊಂದು ಕಡೆಯಿಂದ ಅದೇ ಬಾಟಲಿ ತಂದು ನೋಡಿ.

8. ಬಾಯಿಗೆ ಹಾಕಿಕೊಳ್ಳುವುದು

ಒಂದು ದೊಡ್ಡ ಚಮಚದಷ್ಟು, ಸುಮಾರು 15 ಮಿ.ಲೀ. ತುಟಿ ಸ್ವಲ್ಪ ತೆರೆದು ಬಿಸಿ ಸಾರು ಸೊರ್ ಎಂದು ಎಳೆಯುವಂತೆ ಗಾಳಿ ಎಳೆದುಕೊಳ್ಳಿ, ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಎಂಟು ಹತ್ತು ಸೆಕೆಂಡ್ ಎಲ್ಲ ಕಡೆ ಆಡಿಸಿ ಉಗುಳಿ. ಈಗ ಹಿಂದಿನ ದಿನದ ಅಭ್ಯಾಸ ಕೆಲಸಕ್ಕೆ ಬರುತ್ತದೆ. ನೀರೂರಿತೇ? ಹುಳಿ ಎಷ್ಟು? ಒಣಗಿತೇ? ಎಲ್ಲಿ, ಒಸಡಿನಲ್ಲೋ ನಾಲಿಗೆಯ ಮೇಲೋ? ಗಂಟಲಿಗೆ ಬಿಸಿ ಹತ್ತಿತೇ? ಅದು ಆಲ್ಕೊಹಾಲ್.

ಒಗರಿನಲ್ಲಿ ಪ್ರಮಾಣಕ್ಕಿಂತ ಗುಣ ನೋಡಿ. ಹಸಿ ಅಡಿಕೆಯಂತೆ ಒರಟಾಗಿ ಕಚ್ಚುವುದು ಒಂದು ಬಗೆ. ಹಣ್ಣು ಬಲಿಯುವ ಮೊದಲೇ ಕೊಯ್ದಿದ್ದರೆ, ಬೀಜ ಅರೆದುಹೋಗುವಷ್ಟು ಹಿಂಡಿದ್ದರೆ ಹೀಗಾಗುತ್ತದೆ. ಚೆನ್ನಾಗಿ ಬೆಂದ ಕೆಂಪಡಿಕೆಯ ಹಾಗೆ ಹರಡಿಕೊಂಡು ಮೆತ್ತಗೆ ಹಿಡಿಯುವುದು ಇನ್ನೊಂದು. ಎರಡರಲ್ಲೂ ಒಗರು ಜೋರಾಗಿರಬಹುದು, ಆದರೆ ಎರಡನೆಯದಕ್ಕೆ ಹೆಚ್ಚು ಅಂಕ.

ಉಗುಳಿದ ಮೇಲೆ ಮನಸ್ಸಲ್ಲೇ ಎಣಿಸಿ. ಹಣ್ಣಿನ ರುಚಿ ಐದು ಸೆಕೆಂಡಿನೊಳಗೆ ಮಾಯವಾದರೆ ಉಳಿಕೆ ಕಡಿಮೆ, ಹತ್ತು ಹನ್ನೆರಡು ದಾಟಿದರೆ ಒಳ್ಳೆಯದು. ಒಗರು ಎಷ್ಟು ಹೊತ್ತು ಉಳಿಯಿತು ಎಂದು ಎಣಿಸಬೇಡಿ, ಅದು ಎಲ್ಲದರಲ್ಲೂ ಉಳಿಯುತ್ತದೆ.

ಒಗರು ಪೇರಿಕೊಳ್ಳುತ್ತ ಹೋಗುತ್ತದೆ ಎಂಬುದೇ ಈ ಹಂತದ ದೊಡ್ಡ ಹಳ್ಳ. ನಾಲ್ಕನೆಯ ಲೋಟ ಒರಟು ಅನಿಸುವುದು ಮೊದಲ ಮೂರರ ಸಾಲ ಅದರ ತಲೆಗೆ ಬಿದ್ದಿರುವುದರಿಂದ. ಬರೀ ನೀರಿನಿಂದ ಹೋಗುವುದಿಲ್ಲ. ಒಂದು ತುಂಡು ರೊಟ್ಟಿ ಅಗಿದು, ನೀರು ಮುಕ್ಕಳಿಸಿ, ಎರಡು ನಿಮಿಷ ಸುಮ್ಮನೆ ಕೂರಿ. ಮುಗಿದ ಮೇಲೆ ಅದೇ ಲೋಟಗಳನ್ನು ಹಿಂದುಮುಂದಾಗಿ ಇನ್ನೊಂದು ಸುತ್ತು ನೋಡಿ. ಉಪ್ಪಿನಕಾಯಿ, ಖಾರದ ಕಡಲೆ, ಚೀಸ್ ಮೇಜಿನ ಮೇಲೆ ಬೇಡ. ಉಪ್ಪು, ಕೊಬ್ಬು ಎರಡೂ ಒಗರನ್ನು ಮುಚ್ಚಿ ಸಾಧಾರಣ ವೈನನ್ನು ದೊಡ್ಡದು ಮಾಡುತ್ತವೆ. ಊಟದ ಜೊತೆ ಅದು ಒಳ್ಳೆಯದೇ, ಅಳತೆಯ ಹೊತ್ತಿಗೆ ಮೋಸ.

9. ಸಿಹಿ ವೈನ್

ಕೆಂಪು ಮುಗಿದು ಹದಿನೈದು ನಿಮಿಷ ಬಿಡುವು ಕೊಟ್ಟು ಸಿಹಿಗೆ ಬನ್ನಿ. 30 ಮಿ.ಲೀ ಸಾಕು.

ಮೊದಲು ಸಿಹಿ ಎಲ್ಲಿಂದ ಬಂತೆಂದು ತಿಳಿಯಿರಿ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಲೇಟ್ ಹಾರ್ವೆಸ್ಟ್: ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು, ನೀರು ಆರಿ ಸಕ್ಕರೆ ಗಟ್ಟಿಯಾದ ಮೇಲೆ ಕೊಯ್ದು ಮಾಡಿದ್ದು. ಯೀಸ್ಟ್ ಎಲ್ಲ ಸಕ್ಕರೆಯನ್ನೂ ತಿಂದು ಮುಗಿಸುವುದಿಲ್ಲ, ಉಳಿದ ಸಕ್ಕರೆಯೇ ಸಿಹಿ. ಎರಡನೆಯದು ಪೋರ್ಟ್: ಪೋರ್ಚುಗಲ್ಲಿನ ಪದ್ಧತಿಯಲ್ಲಿ ಹುಳಿಯುವಿಕೆ (ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮಾಡುವುದು) ಅರ್ಧಕ್ಕೆ ಬಂದಾಗ ಶೇ 77ರ ದ್ರಾಕ್ಷಿ ಸ್ಪಿರಿಟ್ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ, ಬಾಟಲಿಯಲ್ಲಿ ಶೇ 19–22 ಆಲ್ಕೊಹಾಲ್ ಇರುತ್ತದೆ. ನಮ್ಮ ಅಂಗಡಿಗಳಲ್ಲಿ ಪೋರ್ಟ್ ಹೆಸರಲ್ಲಿ ಬರುವ ಅಗ್ಗದ ಸಿಹಿ ಕೆಂಪು ಹಲವು ಸಲ ಬೇರೆಯೇ ಜಾತಿ. ಲೇಬಲ್ಲಿನ ಶೇಕಡಾ ನೋಡಿದರೆ ಗೊತ್ತಾಗುತ್ತದೆ. ಮೂಸಿದ ತಕ್ಷಣ ದ್ರಾಕ್ಷಿ ಜ್ಯೂಸ್ ನೆನಪಾದರೆ ಬೆಂಗಳೂರು ಬ್ಲೂ ತಳಿ ಇರಬಹುದು. ಅದು ಕೆಟ್ಟದ್ದೆಂದಲ್ಲ, ಆದರೆ ಲೇಟ್ ಹಾರ್ವೆಸ್ಟಿನ ಪಕ್ಕ ಇಟ್ಟು ಅಂಕ ಕೊಡಬೇಡಿ.

ಮೂರನೆಯದು ಕೊಳೆಯಿಂದ ಬರುವುದು. ಕೊಳೆ ಎಂದರೆ ಅಡಿಕೆಯವರ ಎದೆ ಧಸಕ್ಕೆನ್ನುತ್ತದೆ, ಆದರೆ ಇದು ಬೇರೆ ಶಿಲೀಂಧ್ರ, ಬೊಟ್ರೈಟಿಸ್. ಮುಂಜಾನೆ ಮಂಜು, ಮಧ್ಯಾಹ್ನ ಬಿಸಿಲು ಸರಿಯಾಗಿ ಸಿಕ್ಕಿದರೆ ದ್ರಾಕ್ಷಿಯ ಸಿಪ್ಪೆಗೆ ತೂತು ಕೊರೆದು ನೀರನ್ನಷ್ಟೇ ಹೊರಬಿಡುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯ ಸೋತರ್ನ್ ವೈನ್ ಆಗುವುದು ಹೀಗೆ. ಹೌದು, ಮಳೆಗಾಲಕ್ಕೆ ಮೊದಲು ನೀವು ಮೈಲುತುತ್ತ, ಸುಣ್ಣ ಬೆರೆಸಿ ಗೊನೆಗೆ ಹೊಡೆಸುವ ಬೋರ್ಡೋ ದ್ರಾವಣಕ್ಕೆ ಹೆಸರು ಕೊಟ್ಟ ಅದೇ ಸೀಮೆ. 1885ರ ಸುಮಾರಿಗೆ ದ್ರಾಕ್ಷಿಯ ಬೂಷ್ಟು ರೋಗಕ್ಕೆಂದು ಅಲ್ಲಿ ಬಳಕೆಗೆ ಬಂದ ಔಷಧ ಅದು.

ಅಳೆಯುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಸಿಹಿ’ ಎಂದಲ್ಲ, ‘ಸಿಹಿಯನ್ನು ಹುಳಿ ಹೊತ್ತು ನಿಂತಿದೆಯೇ’ ಎಂದು. ಉಗುಳಿದ ಮೇಲೆ ದವಡೆಯಲ್ಲಿ ನೀರೂರಿ ಬಾಯಿ ಸ್ವಚ್ಛವಾದರೆ ಹುಳಿ ಇದೆ. ಜೋನಿಬೆಲ್ಲ ನೆಕ್ಕಿದಂತೆ ತುಟಿ ಅಂಟಿಕೊಂಡು ನೀರು ಬೇಕೆನಿಸಿದರೆ ಹುಳಿ ಸೋತಿದೆ. ಬಿಸಿ ಸೀಮೆಯ ಸಿಹಿ ವೈನುಗಳು ಹೆಚ್ಚಾಗಿ ಎಡವುವುದು ಇಲ್ಲೇ, ಹಣ್ಣು ಬಳ್ಳಿಯಲ್ಲಿ ಉಳಿದಷ್ಟು ದಿನ ಹುಳಿ ಇಳಿಯುತ್ತ ಹೋಗುತ್ತದೆ. ವಾಸನೆಯಲ್ಲಿ ಜೇನು, ಒಣದ್ರಾಕ್ಷಿ, ಮಾಗಿದ ಅನಾನಸ್, ಕಿತ್ತಳೆ ಸಿಪ್ಪೆ ಹುಡುಕಿ. ಬರೀ ಸಕ್ಕರೆ ಪಾಕದ ವಾಸನೆಯಾದರೆ ಮೂಗಿನ ಅಂಕ ಅರ್ಧಕ್ಕಿಂತ ಕೆಳಗೆ. ಸಿಹಿ ವೈನ್ ನಾಲಿಗೆಗೆ ಚುಳ್ ಎಂದು ಗುಳ್ಳೆ ಹೊಡೆದರೆ ಬಾಟಲಿಯೊಳಗೆ ಉಳಿದ ಸಕ್ಕರೆ ಮತ್ತೆ ಹುಳಿಯಲು ಶುರುವಾಗಿರಬಹುದು, ಅದು ದೋಷ.

10. ಬರೆಯುವುದು, ಅಂಕ ಹಾಕುವುದು

20 ಅಂಕದ ಪದ್ಧತಿ ಸಾಕು: ನೋಟ 2, ವಾಸನೆ 6, ಬಾಯಿ 7, ಉಳಿಕೆ 3, ಒಟ್ಟು ಹೊಂದಿಕೆ 2. ಮೊದಲು ಮಾತು ಬರೆಯಿರಿ, ಆಮೇಲೆ ಅಂಕ. ತಲೆಕೆಳಗಾದರೆ ಅಂಕವನ್ನು ಸಮರ್ಥಿಸುವ ಮಾತೇ ಬರುತ್ತದೆ. ಬರೆದು ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು, ಒಬ್ಬರು ‘ಲವಂಗ’ ಎಂದರೆ ಎಲ್ಲರ ಹಾಳೆಯಲ್ಲೂ ಲವಂಗ.

‘ಸ್ಮೂತ್ ಆಗಿದೆ, ಚೆನ್ನಾಗಿದೆ, 15’ ಎಂಬ ಟಿಪ್ಪಣಿ ಆರು ತಿಂಗಳ ಮೇಲೆ ನಿಮಗೇ ಉಪಯೋಗವಿಲ್ಲ. ಹೀಗಿರಲಿ:

‘ಗ. 17 ಡಿಗ್ರಿ. ನಡು ಗಾಢ, ಅಂಚು ನೇರಳೆ: 2. ಸುತ್ತಿಸುವ ಮೊದಲು ಲವಂಗ, ಆಮೇಲೆ ನೇರಳೆ, ಕಾಳುಮೆಣಸು, ಹತ್ತು ನಿಮಿಷದ ನಂತರವೂ ಇದೆ: 5. ಹುಳಿ ಸಾಕಷ್ಟು, ಒಗರು ಜೋರು ಆದರೆ ನುಣುಪು, ಗಂಟಲಲ್ಲಿ ಸ್ವಲ್ಪ ಬಿಸಿ: 5. ಹಣ್ಣು 9 ಸೆಕೆಂಡ್: 2. ಪೀಪಾಯಿ ಒಂದು ಹೆಜ್ಜೆ ಮುಂದೆ: 1. ಒಟ್ಟು 15.’

ಪೇಪರ್ ಬಿಚ್ಚಿದ ಮೇಲೆ ಎಲ್ಲ ಹಾಳೆಗಳನ್ನು ಒಟ್ಟಿಗಿಟ್ಟು ಅಡ್ಡಡ್ಡ ಓದಿ. ಎಲ್ಲ ಬಾಟಲಿಯಲ್ಲೂ ಮರುಕಳಿಸುವ ಮಾತು ಯಾವುದು? ಎಲ್ಲದರಲ್ಲೂ ಬಿಸಿ, ಎಲ್ಲದರಲ್ಲೂ ಲವಂಗ, ಎಲ್ಲದರಲ್ಲೂ ಹುಳಿ ಕಡಿಮೆ: ಅದು ವೈನರಿಯ ಕೈರುಚಿ. ಒಂದರಲ್ಲಿ ಮಾತ್ರ ಬರುವುದು ತಳಿಯದ್ದು, ಪೀಪಾಯಿಯದ್ದು ಅಥವಾ ವರ್ಷದ್ದು. ಕೆಂಪಿನಲ್ಲೂ ಸಿಹಿಯಲ್ಲೂ ಹುಳಿ ಇಳಿದಿದ್ದರೆ ಆ ವೈನರಿಯವರು ಹಣ್ಣನ್ನು ತಡವಾಗಿ ಕೊಯ್ಯುತ್ತಿರಬಹುದು ಎಂದು ಊಹಿಸಬಹುದು. ಮುಂದಿನ ಸಲ ಅವರಲ್ಲಿ ಯಾವ ಬಾಟಲಿ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಒಟ್ಟು ಅಂಕಕ್ಕಿಂತ ಈ ಅಡ್ಡ ಓದಿನಲ್ಲಿ ಸಿಗುತ್ತದೆ.

11. ಉಳಿದದ್ದನ್ನು ಏನು ಮಾಡುವುದು

ಮುಚ್ಚಳ ಹಾಕಿ, ಕೆಂಪಾದರೂ ಸರಿ, ಫ್ರಿಜ್ಜಿನಲ್ಲಿಡಿ. ಕೆಂಪು ಎರಡು ಮೂರು ದಿನ, ಲೇಟ್ ಹಾರ್ವೆಸ್ಟ್ ಒಂದು ವಾರ, ಸ್ಪಿರಿಟ್ ಬೆರೆಸಿದ ಪೋರ್ಟ್ ಕೆಲವು ವಾರ ತಡೆಯುತ್ತದೆ. ಸಣ್ಣ ಬಾಟಲಿಗೆ ತುಂಬಿಟ್ಟರೆ ಒಳಗೆ ಗಾಳಿ ಕಡಿಮೆ, ಇನ್ನೊಂದೆರಡು ದಿನ ಲಾಭ. ತೆರೆಯದ ಬಾಟಲಿಗಳನ್ನು ಅಟ್ಟಕ್ಕೆ ಏರಿಸಬೇಡಿ. ಹೆಂಚಿನ ಕೆಳಗಿನ ಬೇಸಿಗೆ ಶಾಖ, ಕೆಳಗಿನಿಂದ ಏರುವ ಹೊಗೆ ಎರಡೂ ಅಲ್ಲೇ ಸೇರುವುದು. ನಡುಮನೆಯ ಮಣ್ಣಿನ ಗೋಡೆಯ ಬುಡ, ಮೆಟ್ಟಿಲ ಕೆಳಗಿನ ಕತ್ತಲೆ ಜಾಗ ಒಳ್ಳೆಯದು. ಕಾರ್ಕಿನ ಬಾಟಲಿಯನ್ನು ಮಲಗಿಸಿ. ಮಳೆಗಾಲದಲ್ಲಿ ಲೇಬಲ್ಲಿಗೆ ಬೂಷ್ಟು ಬಂದರೆ ಒಳಗಿನ ವೈನಿಗೇನೂ ಆಗಿರುವುದಿಲ್ಲ, ಒರೆಸಿ ಇಡಿ.

ಮರುದಿನ ಅದೇ ಹೊತ್ತಿಗೆ, ಅದೇ ಶಾಖಕ್ಕೆ ತಂದು ಎಲ್ಲವನ್ನೂ ಒಂದೊಂದು ಗುಟುಕು ಮತ್ತೆ ನೋಡಿ, ಹಿಂದಿನ ಹಾಳೆಯಲ್ಲೇ ಬೇರೆ ಬಣ್ಣದ ಪೆನ್ನಿನಿಂದ ಬರೆಯಿರಿ. ಯಾವುದು ಒಂದು ರಾತ್ರಿಯಲ್ಲಿ ಕುಸಿಯಿತು, ಯಾವುದರ ಒಗರು ಮೆತ್ತಗಾಗಿ ಹಣ್ಣು ಮುಂದೆ ಬಂತು ನೋಡಿ. ಇನ್ನೂ ಒಂದೆರಡು ವರ್ಷ ಇಡಬಹುದಾದ ಬಾಟಲಿ ಯಾವುದೆಂಬ ಅಂದಾಜು ಈ ಎರಡನೆಯ ಪ್ರಶ್ನೆಯ ಉತ್ತರದಲ್ಲಿದೆ.